ಬಾಚಣಿಗೆಯ ಹಲ್ಲು ಅಲುಗದಂತೆ ಹಿಡಿಯುವುದು ಹೇಗೆ?

ಪ್ರಶ್ನೆ: ಫೆಮ್ಟೊಸೆಕೆಂಡ್ ಲೇಸರ್‌ನಿಂದ (ಅತಿ ಚಿಕ್ಕ ಅವಧಿಯ ಬೆಳಕಿನ ಸ್ಪಂದಗಳನ್ನು ಹೊಮ್ಮಿಸುವ ಲೇಸರ್) ಸಿಗುವ ‘ಆವರ್ತನ ಬಾಚಣಿಗೆ’ಯನ್ನು ಸ್ಥಿರವಾಗಿಡಲು ಅದಕ್ಕೆ ಶಕ್ತಿ ತುಂಬುವ ಪಂಪ್ ಲೇಸರ್‌ನ ವಿದ್ಯುತ್ತನ್ನು ಹೆಚ್ಚುಕಡಿಮೆ ಮಾಡಿದರೆ ಸಾಲದೆ? ಲೇಸರ್‌ನೊಳಗಿನ ಅರೆವಾಹಕ ಕನ್ನಡಿಯ ಮೇಲೆ ಮತ್ತೊಂದು ಬೆಳಕನ್ನು ಬೀಳಿಸುವ ಅಗತ್ಯವೇನು?

ಉತ್ತರ: ಏರುಪೇರು ನಿಧಾನಗತಿಯದಾಗಿದ್ದರೆ ಸಾಲುತ್ತದೆ, ಚುರುಕಾಗಿದ್ದರೆ ಸಾಲದು.

ಒಂದೇ ಲಯದಲ್ಲಿ ಹೊಮ್ಮುವ ಬೆಳಕಿನ ಸ್ಪಂದಗಳನ್ನು ಆವರ್ತನಗಳಾಗಿ ಬಿಡಿಸಿದಾಗ ಸಮಾನ ಅಂತರದ ಸಾವಿರಾರು ಗೆರೆಗಳು ಸಿಗುತ್ತವೆ; ಇವೇ ಬಾಚಣಿಗೆಯ ಹಲ್ಲುಗಳು. ಸೆಕೆಂಡಿಗೆ ಎಷ್ಟು ಸ್ಪಂದಗಳು ಎಂಬುದು ಹಲ್ಲುಗಳ ಅಂತರವನ್ನು ನಿರ್ಧರಿಸುತ್ತದೆ. ಇಡೀ ಬಾಚಣಿಗೆ ಸೊನ್ನೆಯಿಂದ ಎಷ್ಟು ಸರಿದಿದೆ ಎಂಬುದು ಎರಡನೆಯ ಸಂಖ್ಯೆ. ಈ ಎರಡು ತಿಳಿದರೆ ಪ್ರತಿ ಹಲ್ಲಿನ ಆವರ್ತನವೂ ತಿಳಿದಂತೆ. 1550 ನ್ಯಾನೊಮೀಟರ್ ತರಂಗಾಂತರದ ಬೆಳಕಿನ ಆವರ್ತನ ಸುಮಾರು 193 ಲಕ್ಷ ಕೋಟಿ ಹರ್ಟ್ಸ್. ಅಂತರವು 10 ಕೋಟಿ ಹರ್ಟ್ಸ್ ಆಗಿದ್ದರೆ ಅಲ್ಲಿರುವುದು ಹೆಚ್ಚುಕಡಿಮೆ 19.3 ಲಕ್ಷನೆಯ ಹಲ್ಲು. ಅಂತರ ಒಂದೇ ಒಂದು ಹರ್ಟ್ಸ್ ತಪ್ಪಿದರೂ ಆ ಹಲ್ಲು 19.3 ಲಕ್ಷ ಹರ್ಟ್ಸ್ ಸರಿದುಬಿಡುತ್ತದೆ!

ಅಂತರವನ್ನು ಸರಿಪಡಿಸಲು ಪೀಜೋ ಸ್ಫಟಿಕದಿಂದ (ವಿದ್ಯುತ್ ಕೊಟ್ಟರೆ ತುಸು ಹಿಗ್ಗುವ, ಕುಗ್ಗುವ ಸ್ಫಟಿಕ) ಕನ್ನಡಿಯೊಂದನ್ನು ಕದಲಿಸಿ ಲೇಸರ್‌ನೊಳಗೆ ಬೆಳಕು ಸಾಗುವ ದಾರಿಯ ಉದ್ದವನ್ನು ಬದಲಿಸುತ್ತಾರೆ. ಎರಡನೆಯ ಸಂಖ್ಯೆಯಾದ ಸರಿತ ಸ್ಪಂದದ ಶಕ್ತಿಯನ್ನು ಅವಲಂಬಿಸಿರುವುದರಿಂದ, ಪಂಪ್‌ನ ಬಲವನ್ನು ತಿದ್ದುವುದು ರೂಢಿ. ಆದರೆ ಪಂಪ್ ಬೆಳಕನ್ನು ಹೀರಿ ಉದ್ರೇಕಗೊಂಡ, ಇಂಥ ಲೇಸರ್‌ನಲ್ಲಿ ಬೆಳಕನ್ನು ವರ್ಧಿಸುವ ಎರ್ಬಿಯಂ ಅಯಾನುಗಳು ತಾವಾಗಿಯೇ ಇಳಿಯಲು ಸುಮಾರು 10 ಮಿಲಿಸೆಕೆಂಡು ಹಿಡಿಯುತ್ತದೆ. ತಿದ್ದುಪಡಿ ಎಷ್ಟೇ ಬೇಗ ಕಳುಹಿಸಿದರೂ ಅದು ಈ ಮಂದ ಮಾಧ್ಯಮದ ಮೂಲಕವೇ ಹಾಯಬೇಕು. ಅಷ್ಟರಲ್ಲಿ ಹೊಸ ಏರುಪೇರು ಬಂದು ಹೋಗಿರುತ್ತದೆ.

ಅರೆವಾಹಕದ ಅನುಕೂಲ ಇಲ್ಲಿದೆ. ಇಂಥ ಹಲವು ಲೇಸರ್‌ಗಳಲ್ಲಿ ಸ್ಪಂದಗಳನ್ನು ರೂಪಿಸಲೆಂದೇ ಒಂದು ಅರೆವಾಹಕ ಕನ್ನಡಿ ಇರುತ್ತದೆ. ಬೆಳಕು ತೀವ್ರವಾದಷ್ಟೂ ಅದು ಹೀರುವ ಪ್ರಮಾಣ ತಗ್ಗುತ್ತದೆ. ಲೇಸರ್ ಕಿರಣ ತಾಗುವ ಪುಟ್ಟ ಚುಕ್ಕೆಯ ಮೇಲೆಯೇ ಇನ್ನೊಂದು ಡಯೋಡ್‌ನ ಬೆಳಕನ್ನು ಕೂಡಿಸಿದರೆ, ಅಲ್ಲಿ ಹುಟ್ಟುವ ಎಲೆಕ್ಟ್ರಾನ್‌ಗಳು ಕನ್ನಡಿಯ ಪ್ರತಿಫಲನವನ್ನು ತುಸುವೇ ಬದಲಿಸುತ್ತವೆ; ಅದರಿಂದ ಸ್ಪಂದದ ಶಕ್ತಿಯೂ ಸರಿತವೂ ಬದಲಾಗುತ್ತವೆ. ಈ ಎಲೆಕ್ಟ್ರಾನ್‌ಗಳು ನ್ಯಾನೊಸೆಕೆಂಡು ಅಥವಾ ಅದಕ್ಕೂ ಕಡಿಮೆ ಅವಧಿಯಲ್ಲಿ ಮರಳಿ ಇಳಿಯುವುದರಿಂದ ನಿಯಂತ್ರಣ ಬಹಳ ಚುರುಕು. 2013ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ವಿಶ್ವವಿದ್ಯಾಲಯದ ಸಂಶೋಧಕರು ಸರಿತವನ್ನು ಹೀಗೆ ಸ್ಥಿರಗೊಳಿಸಿ ತೋರಿಸಿದ್ದಾರೆ. ಇರುವ ಕನ್ನಡಿಗೇ ಹೊಸ ಕೆಲಸ ಒಪ್ಪಿಸಿದ ಈ ಜಾಣ್ಮೆ ನನಗೆ ಬಹಳ ಮೆಚ್ಚುಗೆಯಾಗಿದೆ.

ಎಚ್ಚರಿಕೆಯೂ ಬೇಕು. ಹೆಚ್ಚುವರಿ ಬೆಳಕು ಕನ್ನಡಿಯನ್ನು ಬಿಸಿಮಾಡುತ್ತದೆ, ಬಿಸಿಯ ಪರಿಣಾಮ ನಿಧಾನದ್ದು. ಆದ್ದರಿಂದ ಡಯೋಡ್‌ನ ಬೆಳಕು ಹಿತಮಿತವಾಗಿರಬೇಕು. ಜೊತೆಗೆ ಈ ತಿದ್ದುಪಡಿ ಹಲ್ಲುಗಳ ಅಂತರವನ್ನೂ ಕೊಂಚ ಕದಲಿಸಬಹುದಾದ್ದರಿಂದ ಪೀಜೋ ಸ್ಫಟಿಕಕ್ಕೆ ಬಿಡುವು ಸಿಗುವುದಿಲ್ಲ.