ತೋಟದಲ್ಲಿ ಸಿಕ್ಕ ಜಿಂಕೆ ಕೊಂಬಿನಿಂದ ಚಾಕುವಿಗೆ ಹಿಡಿ ಮಾಡೋದು ಹೇಗೆ?

ಎಚ್.ಡಿ. ಕೋಟೆ ಕಡೆ ನೆಂಟರ ತೋಟದಲ್ಲಿ ಉದುರಿಬಿದ್ದ ಜಿಂಕೆ ಕೊಂಬು ಸಿಕ್ಕಿದೆ, ಅದನ್ನು ಹದ ಮಾಡಿ ಚಾಕುವಿಗೆ ಹಿಡಿ ಮಾಡಬೇಕು ಅಂತ ಕೇಳಿದ್ದೀರಿ. ದಯವಿಟ್ಟು ಅದಕ್ಕೆ ಗರಗಸ ಹಾಕಬೇಡಿ. ತಾನಾಗಿ ಉದುರಿದ್ದಾದರೂ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಂಥದ್ದು ಸರ್ಕಾರದ ಸ್ವತ್ತು. ಕೈಗೆ ಸಿಕ್ಕ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಮೈಸೂರಲ್ಲೇ ಇದ್ದರೆ ಅಶೋಕಪುರಂನ ಅರಣ್ಯ ಭವನಕ್ಕೆ ಹೋಗಿ ವಿಚಾರಿಸಿ. ಕಾಡಂಚಲ್ಲಿ ಬಿದ್ದ ಕೊಂಬು ವ್ಯರ್ಥವಾಗುತ್ತೆ ಅಂದುಕೊಳ್ಳಬೇಡಿ. ಸುಣ್ಣದಂಶಕ್ಕೆ ಮುಳ್ಳುಹಂದಿ ಕಡಿಯುತ್ತೆ, ಜಿಂಕೆಗಳೇ ಅಗಿಯುತ್ತವೆ.

ನಿಮ್ಮ ಆಸೆ ಮಾತ್ರ ಬಿಡಬೇಕಿಲ್ಲ. ಹಸು, ಎಮ್ಮೆಯ ಕೊಂಬಿನ ಹೊರಪದರ ನಮ್ಮ ಉಗುರಿನ ಜಾತಿಯದು. ಜಿಂಕೆ, ಕಡವೆಯ ಕೊಂಬು ಹಾಗಲ್ಲ, ಅಪ್ಪಟ ಮೂಳೆ: ಹೊರಗೆ ಗಟ್ಟಿ, ಒಳಗೆ ಸ್ಪಂಜಿನಂಥ ತಿರುಳು. ಹಾಗಾಗಿ ಎಮ್ಮೆಯ ಮುಂಗಾಲಿನ ಮೂಳೆಯಲ್ಲಿ ನಿಮಗೆ ಬೇಕಾದ್ದು ಆಗುತ್ತೆ. ಮಾಂಸದ ಅಂಗಡಿಯಲ್ಲಿ ಹೇಳಿಟ್ಟರೆ ಸಿಗುತ್ತೆ.

ಎರಡೂ ತುದಿಯ ಗಂಟು ಕೊಯ್ದು, ಒಳಗಿನ ಮಜ್ಜೆಯನ್ನು ತಂತಿಯಿಂದ ತೆಗೆಯಿರಿ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಲ್ಲಿ ಸಣ್ಣ ಉರಿಯಲ್ಲಿ ಸ್ವಲ್ಪ ಹೊತ್ತು ಕಾಯಿಸಿ. ಕೊತಕೊತ ಕುದಿಸಿದರೆ ಮೂಳೆ ಸೀಮೆಸುಣ್ಣದ ಹಾಗೆ ಪುಡಿಪುಡಿ. ಆಮೇಲೆ ನೀರು ಬದಲಿಸುತ್ತಾ ಜಿಡ್ಡು ಬಿಡುವವರೆಗೂ ನೆನೆಸಿ. ಬೆಳ್ಳಗಾಗಲು ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಸಾಕು, ಬ್ಲೀಚಿಂಗ್ ಪೌಡರ್ ಬೇಡ, ಮೂಳೆಯನ್ನೇ ತಿನ್ನುತ್ತೆ. ಒಣಗೋದು ನೆರಳಲ್ಲೇ, ಬಿಸಿಲಿಗಿಟ್ಟರೆ ಸೀಳುತ್ತೆ.

ಹಿಡಿಯ ಎರಡು ಬದಿಗೆ ಬೇಕಾದ ಪಟ್ಟಿಗಳಾಗಿ ಉದ್ದಕ್ಕೆ ಕೊಯ್ಯುವಾಗ ಎನ್95 ಮಾಸ್ಕ್ ಹಾಕಲೇಬೇಕು, ಮೂಳೆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕೂದಲು ಸುಟ್ಟ ವಾಸನೆ ಬಂತೋ, ಬಿಸಿ ಹೆಚ್ಚಾಯ್ತು ಅಂತ ತಿಳಿದು ನಿಲ್ಲಿಸಿ.

ಈಗ ಕೊಂಬಿನ ಆ ಒರಟು ಮೈ. ಹಳೇ ಕಾಲದ ಚಾಕು ತಯಾರಕರು ಮೂಳೆಯಲ್ಲೇ ಇದನ್ನು ತರುತ್ತಿದ್ದರು. ಸಣ್ಣ ದುಂಡು ಉಳಿಯಲ್ಲಿ ಮೇಲ್ಮೈ ತುಂಬಾ ಚಿಕ್ಕ ಚಿಕ್ಕ ಗೀರು ತೆಗೆಯಿರಿ, ಒಂದೇ ಅಳತೆ ಬೇಡ, ಒಂದೇ ದಿಕ್ಕೂ ಬೇಡ. ದಟ್ಟ ಟೀ ಡಿಕಾಕ್ಷನ್ನಲ್ಲಿ ಮುಳುಗಿಸಿ ಕಂದು ಬಣ್ಣ ಹಿಡಿಸಿ. ಚೆನ್ನಾಗಿ ಒಣಗಿದ ಮೇಲೆ 400ರ ಉಪ್ಪುಕಾಗದದಲ್ಲಿ ಉಬ್ಬುಗಳನ್ನಷ್ಟೇ ಹಗುರವಾಗಿ ಉಜ್ಜಿ. ಉಬ್ಬು ದಂತದ ಬಣ್ಣಕ್ಕೆ ತಿರುಗುತ್ತೆ, ತಗ್ಗಲ್ಲಿ ಕಂದು ಉಳಿಯುತ್ತೆ. ಆ ಹಂತದಲ್ಲಿ ಕೈಯಲ್ಲಿ ಹಿಡಿದು ನೋಡಿ, ನಿಮಗೇ ಖುಷಿಯಾಗುತ್ತೆ. ಆಮೇಲೆ 600, 1000, ಕೊನೆಗೆ ಜೇನುಮೇಣ ಹಚ್ಚಿ ಹತ್ತಿ ಬಟ್ಟೆಯಲ್ಲಿ ತಿಕ್ಕಿ.

ನಮ್ಮ ಮೈಸೂರಿನ ಬೀಟೆ ಮರದ ಇನ್ಲೇ ಕೆಲಸದಲ್ಲೂ (ಮರದಲ್ಲಿ ಕೊರೆದು ಬೇರೆ ವಸ್ತು ಕೂರಿಸೋದು) ಒಂದು ಕಾಲಕ್ಕೆ ದಂತವನ್ನೇ ಕೂರಿಸುತ್ತಿದ್ದರು. ದಂತದ ವ್ಯಾಪಾರಕ್ಕೆ ನಿಷೇಧ ಬಿದ್ದ ಮೇಲೆ ಪ್ಲಾಸ್ಟಿಕ್ಕು, ಬಣ್ಣಬಣ್ಣದ ಮರ ಬಂದವು. ಕೆಲಸ ನಿಲ್ಲಲಿಲ್ಲ.

ಪಟ್ಟಿಗಳನ್ನು ಚಾಕುವಿನ ಹಿಡಿ ಭಾಗದ ಲೋಹಕ್ಕೆ ಅಂಟಿಸೋಕೆ ಅರಾಲ್ಡೈಟ್ ಅಂಟು ಬಳಸಿ. ಮೂಳೆಯ ಹಿಂಬದಿಗೆ ಮೊದಲು ಹ್ಯಾಕ್ಸಾ ಬ್ಲೇಡಲ್ಲಿ ಗೀರು ಹಾಕಿದರೆ ಬಿಗಿಯಾಗಿ ಕೂರುತ್ತೆ. ಪಟ್ಟಿ, ಲೋಹ ಎರಡನ್ನೂ ಹಿಡಿದಿಡುವ ಪಿನ್ನನ್ನು ಸುತ್ತಿಗೆಯಲ್ಲಿ ಬಡಿಯಬೇಡಿ, ತೂತು ಸ್ವಲ್ಪ ಸಡಿಲ ಕೊರೆದು ಅಂಟಿನ ಜೊತೆ ಕೂರಿಸಿ.