ಇಂಗ್ಲಿಷಿನಲ್ಲಿ ‘ಲೆಸ್’ ಎಲ್ಲಿ, ‘ಫ್ಯೂಅರ್’ ಎಲ್ಲಿ?

ಎಣಿಸಬಹುದಾದವುಗಳ ಬಹುವಚನಕ್ಕೆ ‘ಫ್ಯೂಅರ್’, ಎಣಿಕೆಗೆ ಸಿಗದೆ ಪ್ರಮಾಣದಿಂದ ಮಾತ್ರ ಅಳೆಯುವಂಥದ್ದಕ್ಕೆ ‘ಲೆಸ್’ ಎಂಬುದು ವ್ಯಾಕರಣ ಪುಸ್ತಕಗಳ ನಿಯಮ. ಅದರಂತೆ ‘ಫ್ಯೂಅರ್ ಬುಕ್ಸ್’ ಎನ್ನಬೇಕು, ‘ಲೆಸ್ ವಾಟರ್’ ಎನ್ನಬೇಕು. ಪರೀಕ್ಷೆಯಲ್ಲಿ, ಕಚೇರಿಯ ಪತ್ರಗಳಲ್ಲಿ ಇದನ್ನೇ ಪಾಲಿಸುವುದು ಕ್ಷೇಮ.

ತೊಡಕು ಹುಟ್ಟುವುದು ಸಂಖ್ಯೆ ಕಣ್ಣೆದುರಿಗಿದ್ದರೂ ಮನಸ್ಸು ಒಟ್ಟು ಮೊತ್ತವನ್ನೇ ಗ್ರಹಿಸುವ ಕಡೆ. ದೂರ, ಹಣ, ಕಾಲ, ತೂಕಗಳನ್ನು ಬಹುವಚನದಲ್ಲಿ ಹೇಳಿದರೂ ಅವು ಬಿಡಿಬಿಡಿ ವಸ್ತುಗಳಾಗಿ ತೋರದೆ ಒಂದೇ ಪ್ರಮಾಣವಾಗಿ ತೋರುವುದರಿಂದ ‘ಲೆಸ್ ದ್ಯಾನ್ ಫೈವ್ ಕಿಲೋಮೀಟರ್ಸ್’, ‘ಲೆಸ್ ದ್ಯಾನ್ ಫಿಫ್ಟಿ ರುಪೀಸ್’ ಎಂಬುದೇ ಸಹಜ ಪ್ರಯೋಗ. ಇಲ್ಲಿ ‘ಫ್ಯೂಅರ್’ ಬಳಸಿದರೆ, ನಿಯಮಕ್ಕೆ ಅತಿಯಾಗಿ ಅಂಜಿದವರ ಬರಹದಂತೆ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ.

ಈ ಭೇದ ಪ್ರಾಚೀನವೂ ಅಲ್ಲ. ಎಣಿಸಬಹುದಾದವುಗಳಿಗೂ ‘ಲೆಸ್’ ಬಳಸುವ ರೂಢಿ ಹಳೆಯ ಇಂಗ್ಲಿಷಿನಿಂದಲೇ ಇತ್ತು. 1770ರಲ್ಲಿ ರಾಬರ್ಟ್ ಬೇಕರ್ ಎಂಬ ಲೇಖಕ ‘ಫ್ಯೂಅರ್’ ತನಗೆ ಹೆಚ್ಚು ಸೊಗಸಾಗಿ ತೋರುತ್ತದೆ ಎಂದು ತನ್ನ ಅಭಿರುಚಿಯನ್ನಷ್ಟೇ ಹೇಳಿದ್ದು, ಮುಂದೆ ಕಟ್ಟುನಿಟ್ಟಿನ ವಿಧಿಯಾಗಿ ಬೆಳೆಯಿತು. ಬ್ರಿಟನ್ನಿನ ಅಂಗಡಿಗಳಲ್ಲಿ ಕಡಿಮೆ ಸಾಮಾನು ಕೊಂಡವರು ಹಣ ಕಟ್ಟುವ ಕೌಂಟರಿನ ‘ಟೆನ್ ಐಟಮ್ಸ್ ಆರ್ ಲೆಸ್’ ಫಲಕದ ಬಗ್ಗೆ ಆಕ್ಷೇಪಗಳು ಎದ್ದಾಗ, ಟೆಸ್ಕೊ ಎಂಬ ಸೂಪರ್‌ಮಾರ್ಕೆಟ್ ಸಂಸ್ಥೆ 2008ರಲ್ಲಿ ‘ಅಪ್ ಟು ಟೆನ್ ಐಟಮ್ಸ್’ ಎಂದು ಬರೆಸಿ ಜಗಳದಿಂದಲೇ ಜಾರಿಕೊಂಡಿತು.

ಇನ್ನು ‘ಪರ್ಸೆಂಟ್’ ಬಂದಾಗಲೂ ಸಾಮಾನ್ಯವಾಗಿ ‘ಲೆಸ್ ದ್ಯಾನ್’ ಎಂದೇ ಬರೆಯುತ್ತಾರೆ. ಏಕವಚನದಲ್ಲಿ ‘ಒನ್ ಲೆಸ್ ಪ್ರಾಬ್ಲಮ್’ ಎನ್ನುವುದೇ ವಾಡಿಕೆ. ಪ್ರಾಬ್ಲಮ್ ಎಣಿಸಬಹುದಾದುದೇ ಆದರೂ ಅಲ್ಲಿ ‘ಫ್ಯೂಅರ್’ ಒಗ್ಗುವುದಿಲ್ಲ.