ಕರಡು ಮುಗಿಯಿತು, ಮುಂದೇನು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಾದಂಬರಿ ಬರೆದು ಮುಗಿಸಿ ದಿಕ್ಕು ತೋಚದೆ ಕೂತವರದ್ದು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಮೊದಲ ಕಾದಂಬರಿ, ಸುಮಾರು 280 ಪುಟ. ತಿದ್ದಲು ಕೂತರೆ ಒತ್ತಕ್ಷರ, ಅಲ್ಪಪ್ರಾಣ, ಮಹಾಪ್ರಾಣ ಸರಿಮಾಡುವುದರಲ್ಲೇ ಸುಸ್ತಾಗುತ್ತದೆ. ಎಲ್ಲಿಂದ ಶುರು ಮಾಡಲಿ?
– ಓದುಗರು, ತೀರ್ಥಹಳ್ಳಿ

ಕಾಗುಣಿತಕ್ಕೆ ಈಗ ಕೈ ಹಾಕಲೇಬೇಡಿ. ನಾಳೆ ಕಿತ್ತುಹಾಕಬೇಕಾದ ಪುಟಕ್ಕೆ ಇವತ್ತು ಒತ್ತಕ್ಷರ ತಿದ್ದಿ ಏನು ಬಂತು? ಮೊದಲು ಒಂದೆರಡು ತಿಂಗಳು ಅದನ್ನು ಮುಟ್ಟದೆ ಇಡಿ. ಆಮೇಲೆ ಪ್ರಿಂಟ್ ತೆಗೆಸಿ, ಕೈಯಲ್ಲಿ ಪೆನ್ನು ಇಲ್ಲದೆ, ಬೇರೆ ಯಾರದೋ ಪುಸ್ತಕ ಓದುವ ಹಾಗೆ ಪೂರ್ತಿ ಓದಿ. ಪೆನ್ನು ಇದ್ದರೆ ಕಣ್ಣು ತಾನಾಗಿ ಪದಕ್ಕೆ ಹೋಗುತ್ತದೆ, ಕಥೆ ಕಾಣುವುದೇ ಇಲ್ಲ. ಓದಿ ಮುಗಿದ ಮೇಲೆ ಹಸ್ತಪ್ರತಿ ಮುಚ್ಚಿಟ್ಟು, ಯಾವ ಅಧ್ಯಾಯದಲ್ಲಿ ಏನಾಯಿತು ಅಂತ ನೆನಪಿನಿಂದ ಒಂದೊಂದು ಸಾಲು ಬರೆಯಿರಿ. ಬರೆದ ನಿಮಗೇ ಯಾವ ಅಧ್ಯಾಯ ನೆನಪಾಗುವುದಿಲ್ಲವೋ ಅಲ್ಲಿ ಬಹುಶಃ ಏನೂ ಆಗಿಲ್ಲ.

ಇನ್ನೊಂದು. ಮೊದಲ ಕಾದಂಬರಿಗಳಲ್ಲಿ ಶುರುವಿನ ಇಪ್ಪತ್ತು ಮೂವತ್ತು ಪುಟ ಮನೆ, ಅಂಗಳ, ಅಜ್ಜನ ಕಾಲದ ಆಸ್ತಿ ಜಗಳ, ವಂಶವೃಕ್ಷ ಇವಕ್ಕೇ ಹೋಗಿರುತ್ತವೆ. ಮಲೆನಾಡಿನವರಂತೂ ಮಳೆ ಸುರಿಸದೆ ಕಥೆ ಶುರು ಮಾಡುವುದೇ ಇಲ್ಲ (ನಾನೂ ಆ ಕಡೆಯವಳೇ, ಬೈಯಬೇಡಿ). ಆ ಪುಟಗಳು ನಿಮಗೆ ಬೇಕಿತ್ತು, ಅವನ್ನು ಬರೆದೇ ನೀವು ಆ ಮನೆಯೊಳಗೆ ಹೋದಿರಿ. ಓದುವವರಿಗೂ ಬೇಕು ಅಂತೇನಿಲ್ಲ. ಬೇರೆ ಫೈಲಿಗೆ ಹಾಕಿಟ್ಟುಕೊಳ್ಳಿ, ಅಳಿಸಿದ ಸಂಕಟ ಇರುವುದಿಲ್ಲ.

ನನ್ನ ಗೆಳತಿ ಓದಿ, ಕಥೆ ಚೆನ್ನಾಗಿದೆ ಆದರೆ ಭಾಷೆ ಶಾಲೆಯ ಪ್ರಬಂಧದ ಹಾಗಿದೆ ಅಂದಳು. ಒಂದು ಪ್ಯಾರಾ ಕಳಿಸಿದ್ದೇನೆ.
– ಓದುಗರು, ದಾವಣಗೆರೆ

ನೀವು ಕಳಿಸಿದ್ದು ಹೀಗಿದೆ: "ಶಾರದ ಬಸ್ಸಿನಿಂದ ಇಳಿದಳು. ಸುತ್ತಲೂ ನೋಡಿದಳು. ಅಣ್ಣ ಬಂದಿರಲಿಲ್ಲ. ಅವಳಿಗೆ ತುಂಬ ಬೇಸರವಾಯಿತು. ಅವಳು ಒಬ್ಬಳೇ ನಡೆದಳು."

ಗಟ್ಟಿಯಾಗಿ ಓದಿ ನೋಡಿ. ಇಳಿದಳು, ನೋಡಿದಳು, ನಡೆದಳು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಅದರ ಬಾಲಕ್ಕೆ ಅವನೋ ಅವಳೋ ಅಂಟಿಕೊಂಡಿರುತ್ತದೆ, ಹಾಗಾಗಿ ಒಬ್ಬಳೇ ಹೆಂಗಸಿನ ಕಥೆ ಹೇಳುವಾಗ ಸಾಲು ಸಾಲಿಗೂ 'ಳು' ಕೇಳಿಸುತ್ತದೆ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ. ಹೀಗೆ ಮಾಡಿದರೆ ಹೇಗೆ?

"ಬಸ್ಸು ಹೋದ ಮೇಲೂ ಶಾರದ ಅಲ್ಲೇ ನಿಂತಿದ್ದಳು. ಅಣ್ಣನ ಸುಳಿವಿಲ್ಲ. 'ಯಾರ ಮನೆಗಮ್ಮಾ?' ಅಂದ ಅಂಗಡಿಯವನು. ಉತ್ತರ ಕೊಡದೆ ಚೀಲ ಎತ್ತಿಕೊಂಡು ನಡೆದಳು."

ಇದು ಮಹಾ ಗದ್ಯವೇನಲ್ಲ. ಆದರೆ ಒಂದು ವಾಕ್ಯಕ್ಕೆ ಕ್ರಿಯಾಪದವೇ ಇಲ್ಲ, ಒಂದು ಬೇರೆಯವರ ಮಾತು, ಹಾಗಾಗಿ ಲಯ ಬದಲಾಯಿತು. 'ಬೇಸರ' ಅನ್ನುವ ಪದ ಹೋಯಿತು, ಬೇಸರ ಉಳಿಯಿತು, ಅಲ್ವಾ? ಒಂದು ಎಚ್ಚರಿಕೆ ಮಾತ್ರ: ಇದನ್ನು ಓದಿ ಪ್ರತಿ ವಾಕ್ಯವನ್ನೂ "ಬಂದಳು ಶಾರದ, ನಿಂತಳು ಶಾರದ" ಅಂತ ತಿರುಗಿಸಬೇಡಿ. ಒಂದೆರಡು ಕಡೆ ಚೆಂದ, ಜಾಸ್ತಿಯಾದರೆ ಕಂಪನಿ ನಾಟಕ.

ಒಂದು ಪುಟವನ್ನು ಎಷ್ಟು ಸಲ ತಿದ್ದಬೇಕು?
– ಓದುಗರು, ಮಂಗಳೂರು

ಲೆಕ್ಕ ಇಲ್ಲ. ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ 1958ರಲ್ಲಿ ಪ್ರಕಟವಾದ ಸಂದರ್ಶನದಲ್ಲಿ, 'ಎ ಫೇರ್‌ವೆಲ್ ಟು ಆರ್ಮ್ಸ್' ಕಾದಂಬರಿಯ ಕೊನೆಯ ಪುಟವನ್ನು 39 ಸಲ ಬರೆದೆ ಅಂದಿದ್ದ. ಅವನ ಕಾಗದಪತ್ರಗಳಲ್ಲಿದ್ದ ಬೇರೆ ಬೇರೆ ಕೊನೆಗಳನ್ನು ಸೇರಿಸಿ 2012ರಲ್ಲಿ ಒಂದು ಆವೃತ್ತಿ ಬಂತು, ಅದರಲ್ಲಿ 47 ಇದ್ದವು! ಇದನ್ನು ಕೇಳಿ ಹೆದರಬೇಡಿ. ಆ ಲೆಕ್ಕ ಕೊನೆಯ ಪುಟದ್ದು, ಇಡೀ ಪುಸ್ತಕದ್ದಲ್ಲ. ಎಲ್ಲ ಪುಟಕ್ಕೂ ಅಷ್ಟು ಉಜ್ಜಿದರೆ ಜೀವವೂ ಹೋಗುತ್ತದೆ. ತಿದ್ದಿದ್ದು ಮೊದಲಿಗಿಂತ ಬೇರೆಯಾಗುತ್ತಿದೆಯೇ ಹೊರತು ಉತ್ತಮ ಆಗುತ್ತಿಲ್ಲ ಅನ್ನಿಸಿದ ದಿನ ನಿಲ್ಲಿಸಿ.

ಹಲವು ಪ್ರಕಾಶಕರಿಗೆ ಕಳಿಸಿದೆ. ಕೆಲವರು ಬೇಡ ಅಂದರು, ಉಳಿದವರು ಉತ್ತರವನ್ನೇ ಕೊಡಲಿಲ್ಲ. ಬಿಟ್ಟುಬಿಡಲೇ?
– ಓದುಗರು, ಕಲಬುರಗಿ

ಮೈಸೂರಿನ ಆರ್. ಕೆ. ನಾರಾಯಣ್ ಕಥೆ ಕೇಳಿರುತ್ತೀರಿ. 'ಸ್ವಾಮಿ ಅಂಡ್ ಫ್ರೆಂಡ್ಸ್' ಹಸ್ತಪ್ರತಿ ಲಂಡನ್ ಪ್ರಕಾಶಕರಿಂದ ವಾಪಸಾಗುತ್ತಲೇ ಇತ್ತು. ಕೊನೆಗೆ ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಅಂತ ಬರೆದರು. ಗೆಳೆಯ ಎಸೆಯಲಿಲ್ಲ, ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟ. ಗ್ರೀನ್ ಪ್ರಕಾಶಕರನ್ನು ಹುಡುಕಿಕೊಟ್ಟು 1935ರಲ್ಲಿ ಪುಸ್ತಕ ಬಂತು. ಇದನ್ನು ಎಲ್ಲರೂ ಛಲದ ಕಥೆ ಅಂತ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಾರಾಯಣ್ ಆ ಹಸ್ತಪ್ರತಿಯ ಆಸೆ ಬಿಟ್ಟಿದ್ದರು, ಬಿಡದವನು ಗೆಳೆಯ. ಅವರ ಗಟ್ಟಿತನ ಇದ್ದದ್ದು ಮುಂದಿನದನ್ನು ಬರೆದದ್ದರಲ್ಲಿ. 1937ಕ್ಕೆ ಎರಡನೆಯದು, 1938ಕ್ಕೆ ಮೂರನೆಯದು ಬಂತು. ಮೂರಕ್ಕೂ ಬೇರೆ ಬೇರೆ ಪ್ರಕಾಶಕರು, ಅಂದರೆ ಮೊದಲ ಪುಸ್ತಕ ಅಚ್ಚಾದ ಕೂಡಲೇ ದಾರಿ ಸಲೀಸಾಗಲಿಲ್ಲ. ನೀವೂ ಹಸ್ತಪ್ರತಿಯನ್ನು ನಂಬುವ ಒಬ್ಬರ ಹತ್ತಿರ ಕೊಟ್ಟು ಇನ್ನೊಂದಕ್ಕೆ ಕೂತುಕೊಳ್ಳಿ.

ಕರಡನ್ನು ಮನೆಯವರಿಗೆ ಓದಲು ಕೊಡಬಹುದೇ?
– ಓದುಗರು, ಹಾಸನ

ಕೊಡಿ. 'ಹೇಗಿದೆ?' ಅಂತ ಮಾತ್ರ ಕೇಳಬೇಡಿ, ಚೆನ್ನಾಗಿದೆ ಅನ್ನುತ್ತಾರೆ. ಯಾವ ಪುಟದಲ್ಲಿ ಓದು ನಿಲ್ಲಿಸಿ ಎದ್ದು ಹೋದಿರಿ ಅಂತ ಕೇಳಿ.

ಪ್ರಕಾಶಕರೊಬ್ಬರು ಪುಸ್ತಕ ತರಲು ನನ್ನಿಂದಲೇ ದುಡ್ಡು ಕೇಳುತ್ತಿದ್ದಾರೆ. ಕೊಡಲೇ?
– ಓದುಗರು, ತುಮಕೂರು

ಎಷ್ಟು ಪ್ರತಿ ಅಚ್ಚು ಹಾಕುತ್ತಾರೆ, ಯಾರು ಮಾರುತ್ತಾರೆ, ಹಕ್ಕು ಯಾರದು, ಇಷ್ಟನ್ನು ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಸುಮ್ನೆ ಎದ್ದು ಬನ್ನಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಯೋಜನೆ ಇದೆ. ವಯಸ್ಸಿನ ಮಿತಿ ಇರುತ್ತದೆ, ಅರ್ಜಿ ಕರೆದಾಗ ನೋಡಿಕೊಳ್ಳಿ.